ಮಗು ರಾತ್ರಿ ಎಲ್ಲಿ ಮಲಗುತ್ತದೆ? ಅಮೆರಿಕದ ಸರ್ಕಾರಿ ಶಾಲೆ ಮತ್ತು ವಿಳಾಸದ ಪ್ರಶ್ನೆ

(ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಪಾಲಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಗುವನ್ನು ಅಜ್ಜಿ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬಿಟ್ಟು ಓದಿಸುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಹಳ್ಳಿಯಲ್ಲಿ ಹೈಸ್ಕೂಲು ಇಲ್ಲದಿದ್ದರೆ ಪೇಟೆಯಲ್ಲಿ ಅತ್ತೆ ಮನೆ ಇರುತ್ತಿತ್ತು. ಅದೂ ಇಲ್ಲದವರು ವಾರಾನ್ನ ಮಾಡಿಕೊಂಡು ಓದಿದರು, ಹಾಸ್ಟೆಲಿನಲ್ಲಿದ್ದು ಓದಿದರು. ಅಂಥ ಮಗುವನ್ನು ಸೇರಿಸಿಕೊಳ್ಳುವಾಗ ಹೆಡ್‌ಮಾಸ್ತರು ಟಿ.ಸಿ. ಕೇಳುತ್ತಿದ್ದರು, ಮನೆಯ ಕರೆಂಟು ಬಿಲ್ಲನ್ನು ಯಾರೂ ಕೇಳುತ್ತಿರಲಿಲ್ಲ. ಆದ್ದರಿಂದಲೇ ಇಲ್ಲಿಗೆ ಬಂದ ಮೇಲೂ ನಮ್ಮವರ ಬಾಯಲ್ಲಿ ಒಂದು ಪ್ರಶ್ನೆ ಸಲೀಸಾಗಿ ಬರುತ್ತದೆ: "ಅಕ್ಕ ಕ್ಯುಪರ್ಟಿನೊದಲ್ಲೇ ಇದ್ದಾರೆ, ಅವರ ಮನೆ ವಿಳಾಸ ಕೊಟ್ಟರೆ ಏನಾಯ್ತು?" ಇಲ್ಲಿ ಸರ್ಕಾರಿ ಶಾಲೆ ಸಾಮಾನ್ಯವಾಗಿ ಅದರ ಗಡಿಯೊಳಗೆ ವಾಸಿಸುವ ಮಕ್ಕಳಿಗೆ ಮಾತ್ರ ಉಚಿತ, ಅದಕ್ಕೇ ಈ ವಿಳಾಸದ ಮಾತು. ಕೇಳುವವರ ಮನಸ್ಸಿನಲ್ಲಿ ಮೋಸದ ಯೋಚನೆ ಇರುವುದಿಲ್ಲ. ಇಲ್ಲಿಯ ಕಾನೂನು ಮಾತ್ರ ಅದನ್ನು ಸುಳ್ಳು ಪ್ರಮಾಣವೆಂದೇ ನೋಡುತ್ತದೆ, ಕೆಲವು ರಾಜ್ಯಗಳಲ್ಲಿ ಕಳ್ಳತನವೆಂದೂ ನೋಡಿದೆ. ಇವತ್ತು ನಾವು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟು: ಸುಳ್ಳು ವಿಳಾಸ ಕೊಡುವ ಅನೇಕ ಕುಟುಂಬಗಳಿಗೆ ಕಾನೂನಿನೊಳಗೇ ಒಂದು ಬಾಗಿಲು ತೆರೆದಿರುತ್ತದೆ. ಆ ಬಾಗಿಲು ಇದೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಮೊದಲು ಒಂದು ಮೊಕದ್ದಮೆ ನೋಡೋಣ. ಅದು ನಮ್ಮ ಸೋದರಮಾವನ ಮನೆಯ ಕಥೆಗೆ ಬಹಳ ಹತ್ತಿರದ್ದು. ಟೆಕ್ಸಾಸಿನ ಗಡಿ ಊರಾದ ಮ್ಯಾಕ್‌ಅಲೆನ್‌ನಲ್ಲಿ 1969ರಲ್ಲಿ ಒಬ್ಬ ಹುಡುಗ ಹುಟ್ಟಿದ. ಅಪ್ಪ ಅಮ್ಮ ಮೆಕ್ಸಿಕೊದವರು, ಮಗುವನ್ನು ಕರೆದುಕೊಂಡು ಗಡಿಯಾಚೆಯ ರೆನೋಸಾಕ್ಕೆ ಹೋದರು. 1977ರಲ್ಲಿ ಹುಡುಗ ಮ್ಯಾಕ್‌ಅಲೆನ್‌ನ ಅಕ್ಕನ ಮನೆಗೆ ವಾಪಸು ಬಂದ, ಇಲ್ಲಿ ಓದಬೇಕೆಂದೇ ಬಂದ. ಹುಟ್ಟಿನಿಂದ ಅಮೆರಿಕದ ಪ್ರಜೆ, ಮಲಗುವುದು ಏಳುವುದು ಅಕ್ಕನ ಮನೆಯಲ್ಲೇ. ಆದರೂ ಶಾಲೆ ಅವನನ್ನು ಉಚಿತವಾಗಿ ಸೇರಿಸಿಕೊಳ್ಳಲಿಲ್ಲ. ಮಾರ್ಟಿನೆಜ್ ವಿರುದ್ಧ ಬೈನಮ್ ಎಂಬ ಈ ಮೊಕದ್ದಮೆಯಲ್ಲಿ 1983ರಲ್ಲಿ ಸುಪ್ರೀಂ ಕೋರ್ಟು 8-1ರ ಬಹುಮತದಿಂದ ಶಾಲೆಯ ಪರ ನಿಂತಿತು. ಅಪ್ಪ ಅಮ್ಮನಿಂದಲೂ ಕಾನೂನುಬದ್ಧ ಪೋಷಕರಿಂದಲೂ ದೂರ ಇರುವ ಮಗು ಮುಖ್ಯವಾಗಿ ಉಚಿತ ಶಾಲೆಗಾಗಿಯೇ ಆ ಊರಿಗೆ ಬಂದಿದ್ದರೆ ಅದನ್ನು ನಿವಾಸಿ ಎನ್ನಬೇಕಾಗಿಲ್ಲ ಎಂಬ ಟೆಕ್ಸಾಸಿನ ಕಾನೂನು ಊರ್ಜಿತವಾಯಿತು.

ಹಾಗಾಗಿ ದಾಖಲಾತಿಯ ಕೌಂಟರಿನಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಮಗು ರಾತ್ರಿ ಎಲ್ಲಿ ಮಲಗುತ್ತದೆ ಎಂಬುದು ಮೊದಲನೆಯದು. ಅಪ್ಪ ಅಮ್ಮನ ಜೊತೆ ಇಲ್ಲವಾದರೆ, ಯಾಕೆ ಇಲ್ಲ ಎಂಬುದು ಎರಡನೆಯದು. ಕೇಳುವ ಕಾಗದಗಳೆಲ್ಲ ಈ ಎರಡಕ್ಕೆ ಉತ್ತರ ಹುಡುಕುವುದಕ್ಕೇ. ಮಾರ್ಟಿನೆಜ್ ತೀರ್ಪಿಗೆ ಒಂದು ವರ್ಷ ಮೊದಲು, 1982ರ ಪ್ಲೈಲರ್ ತೀರ್ಪಿನಲ್ಲಿ, ವಲಸೆಯ ದಾಖಲೆ ಇಲ್ಲದ ಮಗುವಿಗೂ ಶಾಲೆ ನಿರಾಕರಿಸುವಂತಿಲ್ಲ ಎಂದು ಅದೇ ಕೋರ್ಟು ಹೇಳಿತ್ತು. ಎರಡೂ ತೀರ್ಪನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಿ. ನೀವು ಯಾವ ದೇಶದವರು ಎಂಬುದು ಶಾಲೆಗೆ ಬೇಡ, ನೀವು ಶಾಲೆಯ ಗಡಿ ಹಾದ ರಸ್ತೆಯ ಯಾವ ಬದಿಯಲ್ಲಿ ಇದ್ದೀರಿ ಎಂಬುದು ಬೇಕು.

ರಸ್ತೆಯ ಬದಿ ಇಷ್ಟು ಮುಖ್ಯವಾಗುವುದಕ್ಕೆ ಕಾರಣ ದುಡ್ಡು. ಈ ದೇಶದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ತಂತಮ್ಮ ಗಡಿಯೊಳಗಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳಿವು. ಶಾಲೆಯ ಖರ್ಚಿನಲ್ಲಿ ಕೇಂದ್ರ ಸರ್ಕಾರದ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಉಳಿದದ್ದು ರಾಜ್ಯ ಮತ್ತು ಸ್ಥಳೀಯರದ್ದು, ಸ್ಥಳೀಯ ಪಾಲಿನಲ್ಲಿ ಬಹುಭಾಗ ಆಸ್ತಿ ತೆರಿಗೆ. ಮನೆಗಳು ದುಬಾರಿಯಾದ ಕಡೆ ಶಾಲೆಗೆ ದುಡ್ಡು ಹೆಚ್ಚು, ಶಾಲೆ ಚೆನ್ನಾಗಿದ್ದ ಕಡೆ ಮನೆ ಇನ್ನಷ್ಟು ದುಬಾರಿ. ಟೆಕ್ಸಾಸಿನ ಎಡ್ಜ್‌ವುಡ್ ಎಂಬ ಬಡ ಡಿಸ್ಟ್ರಿಕ್ಟಿನ ಪಾಲಕರು ಇದು ಅನ್ಯಾಯವೆಂದು ಕೋರ್ಟಿಗೆ ಹೋದರು. 1973ರ ರಾಡ್ರಿಗೆಜ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅವರ ಮನವಿಯನ್ನು ತಳ್ಳಿಹಾಕಿತು, ಶಿಕ್ಷಣವು ಕೇಂದ್ರ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು. ಮರುವರ್ಷ ಡೆಟ್ರಾಯಿಟಿನ ಮಿಲಿಕೆನ್ ಮೊಕದ್ದಮೆಯಲ್ಲೂ 5-4. ವರ್ಣಭೇದ ನೀಗಿಸಲು ನಗರದ ಮಕ್ಕಳನ್ನೂ ಉಪನಗರದ ಮಕ್ಕಳನ್ನೂ ಗಡಿ ದಾಟಿಸಿ ಬೆರೆಸುವಂತೆ, ಉಪನಗರಗಳ ತಪ್ಪು ಸಾಬೀತಾಗದೆ, ಆದೇಶಿಸಲಾಗದು ಎಂದಾಯಿತು. ಇವತ್ತು ನಾವು ನೋಡುವ ಗಡಿಗೆರೆಗಳು ಇಷ್ಟು ಗಟ್ಟಿಯಾಗಿರುವುದು ಈ ಎರಡು ತೀರ್ಪುಗಳಿಂದ.

ಒಹಾಯೊ ರಾಜ್ಯದ್ದು ಇನ್ನೂ ನೋಯಿಸುವ ಕಥೆ. ಆಸ್ತಿ ತೆರಿಗೆಯನ್ನೇ ಅತಿಯಾಗಿ ನೆಚ್ಚಿಕೊಂಡ ಶಾಲಾ ಹಣಕಾಸು ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು ಡಿರಾಲ್ಫ್ ಮೊಕದ್ದಮೆಯಲ್ಲಿ 1997ರಲ್ಲಿ ಹೇಳಿತು. ಅದೇ ಮೊಕದ್ದಮೆ 2000, 2001, 2002ರಲ್ಲಿ ಮತ್ತೆ ಮತ್ತೆ ಕೋರ್ಟಿನ ಮುಂದೆ ಬಂತು. ವ್ಯವಸ್ಥೆ ಮಾತ್ರ ಬೇರು ಸಮೇತ ಬದಲಾಗಲಿಲ್ಲ. 2011ರ ಜನವರಿಯಲ್ಲಿ ಅದೇ ರಾಜ್ಯದ ಆಕ್ರನ್ ನಗರದ ಒಬ್ಬ ತಾಯಿ, ಇಬ್ಬರು ಹೆಣ್ಣುಮಕ್ಕಳನ್ನು ತನ್ನ ತಂದೆಯ ಮನೆಯ ವಿಳಾಸ ಕೊಟ್ಟು ಪಕ್ಕದ ಉಪನಗರದ ಶಾಲೆಗೆ ಸೇರಿಸಿದ್ದಕ್ಕೆ, ದಾಖಲೆ ತಿದ್ದಿದ ಎರಡು ಗುರುತರ ಅಪರಾಧಗಳಲ್ಲಿ ದೋಷಿಯಾದರು. ಡಿಸ್ಟ್ರಿಕ್ಟು ಲೆಕ್ಕ ಹಾಕಿದ ಶುಲ್ಕ ಸುಮಾರು 30,000 ಡಾಲರ್. ಐದು ವರ್ಷದ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಹತ್ತು ದಿನ ಜೈಲು ಕೊಟ್ಟರು, ಅವರು ಒಂಬತ್ತು ದಿನ ಇದ್ದು ಬಂದರು. ಶಿಕ್ಷಕಿಯಾಗಬೇಕೆಂದು ಓದುತ್ತಿದ್ದವರಿಗೆ ಆ ದಾಖಲೆಯೇ ಅಡ್ಡವಾಗುವಂತಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗವರ್ನರ್ ಜಾನ್ ಕೇಸಿಕ್ ಅಪರಾಧಗಳನ್ನು ಕೆಳದರ್ಜೆಗೆ ಇಳಿಸಿದರು. ನ್ಯಾಯವಲ್ಲವೆಂದು ಕೋರ್ಟು ಪದೇ ಪದೇ ಹೇಳಿದ ವ್ಯವಸ್ಥೆಯ ತಪ್ಪಿಗೆ ಯಾರೂ ಜೈಲಿಗೆ ಹೋಗಲಿಲ್ಲ, ಹೋದದ್ದು ಒಬ್ಬ ತಾಯಿ.

ಅದೇ 2011ರಲ್ಲಿ ಕನೆಕ್ಟಿಕಟ್‌ನಲ್ಲಿ ಸ್ವಂತ ನೆಲೆಯಿಲ್ಲದ ತಾಯಿಯೊಬ್ಬರ ಮೇಲೆ, ಆರು ವರ್ಷದ ಮಗನನ್ನು ಮಗು ನೋಡಿಕೊಳ್ಳುವಾಕೆಯ ವಿಳಾಸದಲ್ಲಿ ಶಾಲೆಗೆ ಸೇರಿಸಿದ್ದಕ್ಕೆ, 15,686 ಡಾಲರ್ ಮೌಲ್ಯದ ಶಿಕ್ಷಣ ಕದ್ದ ಆರೋಪ ಬಂತು. ಆ ರಾಜ್ಯ ನಂತರ ಕಾನೂನು ತಿದ್ದಿ ಇಂಥದ್ದನ್ನು ಕಳ್ಳತನದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಎಲ್ಲ ಕಡೆ ಹಾಗಾಗಿಲ್ಲ. ಇಲಿನಾಯ್ಸ್‌ನಲ್ಲಿ ಗೊತ್ತಿದ್ದೂ ಸುಳ್ಳು ನಿವಾಸ ತೋರಿಸುವುದು ಕೆಳದರ್ಜೆಯ (ಕ್ಲಾಸ್ ಸಿ) ಅಪರಾಧ. ಟೆಕ್ಸಾಸಿನಲ್ಲಿ ದಾಖಲಾತಿ ಫಾರಮ್ಮಿನಲ್ಲಿ ಸುಳ್ಳು ಬರೆಯುವುದು ಅಪರಾಧ, ಮೇಲೆ ಆ ಅವಧಿಯ ಶುಲ್ಕವನ್ನೂ ಕಟ್ಟಬೇಕು. ವಾಷಿಂಗ್ಟನ್ ಡಿ.ಸಿ.ಯಲ್ಲಿ ಅಟಾರ್ನಿ ಜನರಲ್ ಕಚೇರಿ ಸುಳ್ಳು ಹೇಳಿ ಸರ್ಕಾರದ ದುಡ್ಡು ಪಡೆದವರಿಗೆ ಅನ್ವಯಿಸುವ ಸುಳ್ಳು ಕ್ಲೇಮಿನ ಕಾಯ್ದೆಯಡಿ ಪಾಲಕರ ಮೇಲೆ ದಾವೆ ಹೂಡುತ್ತದೆ, ಅಲ್ಲಿ ನಷ್ಟದ ಮೂರು ಪಟ್ಟು ಕೇಳಬಹುದು.

ನ್ಯೂಜೆರ್ಸಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮವರು ಅಲ್ಲಿ ಬಹಳ ಜನ ಇದ್ದಾರೆ. ಮಗು ಅರ್ಹವಲ್ಲವೆಂದು ತೀರ್ಮಾನವಾದರೆ, ಡಿಸ್ಟ್ರಿಕ್ಟು ಒಂದು ಮಗುವಿಗೆ ಮಾಡುವ ವಾರ್ಷಿಕ ಖರ್ಚಿನ 180ನೇ ಒಂದು ಭಾಗವನ್ನು ಮಗು ಶಾಲೆಯಲ್ಲಿದ್ದ ದಿನಗಳಿಂದ ಗುಣಿಸುತ್ತಾರೆ. ಖರ್ಚು 20,000 ಡಾಲರ್ ಎಂದಿಟ್ಟುಕೊಳ್ಳಿ. ದಿನಕ್ಕೆ 111 ಡಾಲರ್, ನೂರು ದಿನಕ್ಕೆ 11,100 ದಾಟುತ್ತದೆ, ಇಬ್ಬರು ಮಕ್ಕಳಾದರೆ ಅದರ ಎರಡರಷ್ಟು. ಇನ್ನೊಂದು ಮಾತು ಅಕ್ಕ, ಭಾವ, ಚಿಕ್ಕಪ್ಪ ಎಲ್ಲರೂ ಕೇಳಿಸಿಕೊಳ್ಳಬೇಕಾದದ್ದು: ಅಲ್ಲಿ ಬೇರೆಯವರ ಮಗುವಿಗೆ ಮೋಸದಿಂದ ತನ್ನ ವಿಳಾಸ ಬಳಸಲು ಬಿಟ್ಟವರೂ ಅಪರಾಧಿಗಳು. "ನಮ್ಮದೇನು ಹೋಗುತ್ತೆ, ಬರೀ ಅಡ್ರೆಸ್ ತಾನೆ" ಎಂದು ದಾಕ್ಷಿಣ್ಯಕ್ಕೆ ಒಪ್ಪಿಕೊಳ್ಳಬೇಡಿ.

ಇನ್ನು ಸುಳ್ಳು ಹೇಗೆ ಹೊರಬೀಳುತ್ತದೆ ಎನ್ನುವ ವಿಷಯ. ಇದಕ್ಕೆ ಪತ್ತೇದಾರಿಕೆ ಏನೂ ಬೇಕಾಗಿಲ್ಲ, ಮನೆಯೇ ಮಾತಾಡುತ್ತದೆ. ಒಂದು ಕರೆಂಟು ಬಿಲ್ಲನ್ನು ಕೈಗೆ ತೆಗೆದುಕೊಳ್ಳಿ. ನಾಲ್ಕು ಜನ ಅಡುಗೆ ಮಾಡಿ, ಬಟ್ಟೆ ಒಗೆದು, ಸ್ನಾನ ಮಾಡುವ ಮನೆಯಲ್ಲಿ ತಿಂಗಳಿಗೆ ನೂರಾರು ಯೂನಿಟ್ ಆಗುತ್ತದೆ. ಬರೀ ಫ್ರಿಜ್ಜು ಓಡುವ ಮನೆಯಲ್ಲಿ ಮೂವತ್ತೋ ನಲವತ್ತೋ. ಬಾಡಿಗೆಗೆ ಒಂದು ರೂಮು ಹಿಡಿದು, ಮೀಟರನ್ನು ಹೆಸರಿಗೆ ಮಾಡಿಸಿಕೊಂಡು, ವಾಸ ಮಾತ್ರ ಬೇರೆ ಕಡೆ ಮಾಡುವವರು ಬಾಡಿಗೆ ಕರಾರು ಅಸಲಿ, ಆದ್ದರಿಂದ ಭಯವಿಲ್ಲ ಎಂದುಕೊಳ್ಳುತ್ತಾರೆ. ಕಾನೂನು ಕೇಳುವುದು ವಾಸವನ್ನು, ಕರಾರು ಅದಕ್ಕೆ ಒಂದು ಸಾಕ್ಷಿ ಅಷ್ಟೇ. ಯೂನಿಟ್ ಸಂಖ್ಯೆ ಬಿಲ್ಲಿನ ಮೇಲೇ ಅಚ್ಚಾಗಿರುತ್ತದೆ, ಕೌಂಟರಿನವರು ಮೊತ್ತಕ್ಕಿಂತ ಮೊದಲು ಅದನ್ನೇ ನೋಡಬಹುದು.

ಇನ್ನೊಂದು ವಸ್ತು ಅಂಚೆ ಇಲಾಖೆಯ ಹಳದಿ ಚೀಟಿ. ಶಾಲೆಯಿಂದ ಬರುವ ಕೆಲವು ಲಕೋಟೆಗಳ ಮೇಲೆ, ವಿಳಾಸ ಬದಲಾಗಿದ್ದರೆ ಮುಂದಕ್ಕೆ ಕಳಿಸಬೇಡಿ, ನಮಗೇ ಹಿಂದಿರುಗಿಸಿ ಎಂಬ ಸೂಚನೆ ಅಚ್ಚಾಗಿರುತ್ತದೆ. ನೀವು ಮನೆ ಬದಲಿಸಿ ಅಂಚೆಗೆ ಹೊಸ ವಿಳಾಸ ಕೊಟ್ಟಿದ್ದರೆ ಆ ಲಕೋಟೆ ಹೊಸ ವಿಳಾಸವಿರುವ ಹಳದಿ ಚೀಟಿ ಅಂಟಿಸಿಕೊಂಡು ಶಾಲೆಗೆ ವಾಪಸು ಹೋಗುತ್ತದೆ. ಎಷ್ಟೋ ಪ್ರಕರಣಗಳು ಶುರುವಾಗುವುದು ಅಷ್ಟರಿಂದಲೇ. ಇಲ್ಲಿ ಸಿಕ್ಕಿಬೀಳುವವರಲ್ಲಿ ಮೋಸ ಮಾಡಿದವರಿಗಿಂತ ಮರೆತವರು ಜಾಸ್ತಿ ಇರುತ್ತಾರೆ ಎಂಬುದು ನಮ್ಮ ಅಭಿಪ್ರಾಯ. ಮಾರ್ಚಿನಲ್ಲಿ ಮನೆ ಖಾಲಿ ಮಾಡಿದರು, ಶಾಲೆಗೆ ಹೇಳಲಿಲ್ಲ, ಜೂನ್‌ವರೆಗೆ ಹೇಗೂ ಮುಗಿಯುತ್ತದಲ್ಲ ಎಂದುಕೊಂಡರು. ಮನೆ ಬದಲಿಸಿದ ವಾರದಲ್ಲೇ ಬರವಣಿಗೆಯಲ್ಲಿ ತಿಳಿಸಿ, ವರ್ಷದ ಕೊನೆಯವರೆಗೆ ಮುಂದುವರಿಸಲು ಅವಕಾಶ ಕೇಳಿ. ಒಪ್ಪುವ ಡಿಸ್ಟ್ರಿಕ್ಟುಗಳಿವೆ. ಮುಚ್ಚಿಟ್ಟ ಮೇಲೆ ಸಿಕ್ಕರೆ ಕೇಳುವ ಯೋಗ್ಯತೆಯೇ ಹೋಗುತ್ತದೆ.

ಉಳಿದ ಸುಳಿವುಗಳು ಗೊತ್ತಿರುವಂಥವೇ. ನೆರೆಯವರ ಅನಾಮಧೇಯ ದೂರು, ಒಂದೇ ವಿಳಾಸದಲ್ಲಿ ಮೂರು ಬೇರೆ ಕುಟುಂಬಗಳ ಮಕ್ಕಳು, ದಿನಾ ತಡವಾಗಿ ಬರುವ ಮಗು. ತರಗತಿಯಲ್ಲಿ "ನಿಮ್ಮ ಬೀದಿಯ ಚಿತ್ರ ಬರಿ" ಎಂದಾಗ ಹೆದ್ದಾರಿ ಬರೆಯುವ ಮಗು. ಈ ಕೊನೆಯದು ನಮಗೆ ಎಲ್ಲಕ್ಕಿಂತ ಸಂಕಟದ್ದು. ವಿಳಾಸ ಕೇಳಿದರೆ ಇದನ್ನು ಹೇಳು, ಅದನ್ನು ಹೇಳಬೇಡ ಎಂದು ಆರು ವರ್ಷದ ಮಗುವಿಗೆ ಪಾಠ ಒಪ್ಪಿಸಿ ಕಳಿಸಿದರೆ ಆ ಮಗು ಗೆಳತಿಯನ್ನು ಮನೆಗೆ ಕರೆಯುವುದಿಲ್ಲ, ಹುಟ್ಟುಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಟೀಚರು ಪ್ರೀತಿಯಿಂದ ಮಾತಾಡಿಸಿದರೂ ಬೆಚ್ಚುತ್ತದೆ.

ಅನುಮಾನ ಬಂದರೆ ಮನೆಗೆ ಬರುತ್ತಾರೆ, ಸಾಮಾನ್ಯವಾಗಿ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ. ಮಗುವಿನ ಹಾಸಿಗೆ, ಬಟ್ಟೆ, ಪುಸ್ತಕ, ಹಲ್ಲುಜ್ಜುವ ಬ್ರಷ್ಷು ಎಲ್ಲಿವೆ ಎಂದು ನೋಡುತ್ತಾರೆ. ಅವರು ಪೊಲೀಸರಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಇದಕ್ಕೆ ಕಟ್ಟುನಿಟ್ಟಾದ ಮಿತಿ ಇದೆ, ಅದು ಬಂದ ಬಗೆಯನ್ನು ಹೇಳಲೇಬೇಕು. 2014ರಲ್ಲಿ ಒರಿಂಡಾ ಎಂಬ ಶ್ರೀಮಂತ ಊರಿನಲ್ಲಿ ಮನೆಗೆಲಸದ ತಾಯಿಯ ಜೊತೆ ಮಾಲೀಕರ ಮನೆಯಲ್ಲೇ ಇದ್ದ ಏಳು ವರ್ಷದ ಹುಡುಗಿಯ ಮೇಲೆ ಡಿಸ್ಟ್ರಿಕ್ಟು ಖಾಸಗಿ ಪತ್ತೇದಾರರನ್ನು ಬಿಟ್ಟು, ಅವಳು ನಿವಾಸಿಯಲ್ಲವೆಂದು ಶಾಲೆಯಿಂದ ಹೊರಗೆ ಹಾಕಲು ಹೊರಟಿತು. ಗದ್ದಲವಾದ ಮೇಲೆ ಹಿಂದೆ ಸರಿಯಿತು. ಅದರ ಬೆನ್ನಲ್ಲೇ 2015ರಲ್ಲಿ ರಾಜ್ಯದ ಶಾಸನಸಭೆ ಕಾನೂನು ತಿದ್ದಿತು. ಶಾಲಾ ವಾರದಲ್ಲಿ ಕನಿಷ್ಠ ಮೂರು ದಿನ ಕೆಲಸದ ಮನೆಯಲ್ಲೇ ಮಗುವಿನ ಜೊತೆ ವಾಸಿಸುವ ಪಾಲಕರ ಮಗು ಆ ಡಿಸ್ಟ್ರಿಕ್ಟಿನ ನಿವಾಸಿ ಎಂದಾಯಿತು. ತನಿಖೆ ಮಾಡಬೇಕಾದರೆ ಮೊದಲು ಡಿಸ್ಟ್ರಿಕ್ಟಿನ ಆಡಳಿತ ಮಂಡಳಿಯಾದ ಬೋರ್ಡು ಬಹಿರಂಗವಾಗಿ ಒಂದು ನೀತಿ ಅಂಗೀಕರಿಸಿರಬೇಕು, ಹೀಗೆಂದು ಬೆರಳಿಟ್ಟು ತೋರಿಸುವಂಥ ನಿರ್ದಿಷ್ಟ ಕಾರಣ ಇರಬೇಕು, ಮಗುವಿನ ಫೋಟೋ ವಿಡಿಯೋ ಕದ್ದು ತೆಗೆಯುವಂತಿಲ್ಲ, ತನಿಖೆಯವರು ತಾವು ಯಾರೆಂದು ನಿಜ ಹೇಳಬೇಕು, ತೀರ್ಮಾನದ ಮೇಲೆ ಅಪೀಲಿಗೆ ದಾರಿ ಇರಬೇಕು. ಬಾಗಿಲಿಗೆ ಬಂದವರನ್ನು "ಯಾವ ಕಾರಣಕ್ಕೆ ಬಂದಿದ್ದೀರಿ, ನಿಮ್ಮ ನೀತಿಯ ಪ್ರತಿ ಕೊಡಿ" ಎಂದು ಸೌಜನ್ಯದಿಂದ ಕೇಳುವ ಹಕ್ಕು ನಿಮಗಿದೆ.

ಸಿಲಿಕಾನ್ ಕಣಿವೆಯ ಕೆಲವು ಡಿಸ್ಟ್ರಿಕ್ಟುಗಳು ಇದರಲ್ಲಿ ವಿಶೇಷವಾಗಿ ಬಿಗಿ ಯಾಕೆ ಎಂದು ಕೇಳುತ್ತೀರಿ. ಕ್ಯಾಲಿಫೋರ್ನಿಯಾದ ಹೆಚ್ಚಿನ ಡಿಸ್ಟ್ರಿಕ್ಟುಗಳಿಗೆ ಮಕ್ಕಳ ಹಾಜರಿ ಹೆಚ್ಚಾದಷ್ಟೂ ರಾಜ್ಯದಿಂದ ಹಣ ಹೆಚ್ಚು. ಆದರೆ ಆಸ್ತಿ ತೆರಿಗೆಯೇ ರಾಜ್ಯ ನಿಗದಿ ಮಾಡಿದ ಮೊತ್ತವನ್ನು ದಾಟುವ ಕಡೆ ಆ ಹೆಚ್ಚುವರಿಯನ್ನು ಡಿಸ್ಟ್ರಿಕ್ಟೇ ಇಟ್ಟುಕೊಳ್ಳುತ್ತದೆ, ಮಗು ಒಂದು ಹೆಚ್ಚಾದರೆ ದುಡ್ಡು ಹೆಚ್ಚಾಗುವುದಿಲ್ಲ, ಇರುವುದನ್ನೇ ಹಂಚಬೇಕು. ಪಾಲೊ ಆಲ್ಟೊ, ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟು ಈ ಗುಂಪಿನವು.

ಹೆಸರಿನ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಫ್ರೀಮಾಂಟ್ ಯೂನಿಯನ್ ಇರುವುದು ಫ್ರೀಮಾಂಟ್ ಊರಿನಲ್ಲಲ್ಲ, ಸನ್ನಿವೇಲ್ ಮತ್ತು ಕ್ಯುಪರ್ಟಿನೊ ಕಡೆ. ಫ್ರೀಮಾಂಟ್ ಊರಿನದ್ದು ಫ್ರೀಮಾಂಟ್ ಯೂನಿಫೈಡ್, ಕೊಲ್ಲಿಯ ಆಚೆ ದಡದ್ದು. ಕ್ಯುಪರ್ಟಿನೊ ಯೂನಿಯನ್ ಎಂಟನೇ ತರಗತಿವರೆಗೆ ಮಾತ್ರ, ಅದರೊಳಗೆ ಸ್ಯಾನ್ ಹೋಸೆಯ ಒಂದಿಷ್ಟು ಭಾಗವೂ ಬರುತ್ತದೆ. ನ್ಯೂಜೆರ್ಸಿಯಲ್ಲಿ ಪ್ರಿನ್ಸ್‌ಟನ್ ಎಂದು ಅಂಚೆ ವಿಳಾಸವಿರುವ ಎಷ್ಟೋ ಮನೆಗಳು ಸೇರುವುದು ಪಕ್ಕದ ಟೌನ್‌ಶಿಪ್ಪುಗಳ ಡಿಸ್ಟ್ರಿಕ್ಟಿಗೆ. ಅಂಚೆಯ ಊರಿನ ಹೆಸರು ನಂಬಬೇಡಿ, ಏಜೆಂಟರ ಜಾಹೀರಾತನ್ನೂ ನಂಬಬೇಡಿ. ಕರಾರಿಗೆ ಸಹಿ ಹಾಕುವ ಮುಂಚೆ ಮನೆ ನಂಬರು, ಬೀದಿ ಹಾಕಿ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಹುಡುಕಿ, ಆಮೇಲೆ ಕಚೇರಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ.

ಪ್ರಾಮಾಣಿಕವಾಗಿ ಅಲ್ಲೇ ವಾಸಿಸುವವರಿಗೂ ಕಾಗದ ಕೈಕೊಡುತ್ತದೆ. ನಮ್ಮವರಿಗೆ ಇದು ಬಹಳ. ಹೊಸದಾಗಿ ಬಂದವರು ಕಂಪನಿ ಕೊಟ್ಟ ತಾತ್ಕಾಲಿಕ ಫ್ಲ್ಯಾಟಿನಲ್ಲಿ ಇರುತ್ತಾರೆ, ಕರಾರು ಕಂಪನಿಯ ಹೆಸರಿನಲ್ಲಿ, ಕರೆಂಟು ಬಾಡಿಗೆಯೊಳಗೇ ಸೇರಿರುತ್ತದೆ. ಗೆಳೆಯರ ಮನೆಯಲ್ಲಿ ಒಂದು ಭಾಗ ಹಿಡಿದವರಿಗೆ ಯಾವ ಬಿಲ್ಲೂ ಇರುವುದಿಲ್ಲ. ಗಂಡ ಬೇರೆ ರಾಜ್ಯದಲ್ಲಿ ಪ್ರಾಜೆಕ್ಟಿನಲ್ಲಿದ್ದು, ಬಿಲ್ಲು ಬ್ಯಾಂಕು ಎಲ್ಲ ಅವರ ಹೆಸರಿನಲ್ಲಿದ್ದರೆ ಹೆಂಡತಿಯ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ಬಂದ ಮೊದಲ ದಿನದಿಂದಲೇ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಕರಾರಿಗೆ ಸೇರಿಸಿ, ಮೀಟರೋ ಇಂಟರ್ನೆಟ್ಟೋ ಒಂದಾದರೂ ಹೆಂಡತಿಯ ಹೆಸರಿಗೆ ಇರಲಿ. ಮೊಬೈಲ್ ಬಿಲ್ಲನ್ನು ಬಹಳ ಕಡೆ ಒಪ್ಪುವುದಿಲ್ಲ. ಗೆಳೆಯರ ಮನೆಯಲ್ಲಿದ್ದರೆ ಡಿಸ್ಟ್ರಿಕ್ಟುಗಳಲ್ಲಿ ಅದಕ್ಕೆಂದೇ ಜಂಟಿ ಅಫಿಡವಿಟ್ಟಿನ ಫಾರಂ ಇರುತ್ತದೆ. ಮನೆಯವರು ತಮ್ಮ ವಾಸದ ಪುರಾವೆ ಕೊಟ್ಟು, ಈ ಕುಟುಂಬ ನಮ್ಮ ಜೊತೆ ಇದೆ ಎಂದು ಸಹಿ ಹಾಕುತ್ತಾರೆ. ಅದು ನಿಜವಾಗಿದ್ದರೆ ಯಾವ ಅಂಜಿಕೆಯೂ ಬೇಡ.

ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆಯ 48204.1ನೇ ಕಲಮು ಯಾವುದನ್ನು ಪುರಾವೆಯಾಗಿ ಒಪ್ಪಬೇಕೆಂದು ಪಟ್ಟಿ ಮಾಡಿದೆ. ಆಸ್ತಿ ತೆರಿಗೆ ರಸೀದಿ, ಬಾಡಿಗೆ ಕರಾರು ಅಥವಾ ಪಾವತಿ, ಕರೆಂಟು ನೀರಿನ ಬಿಲ್ಲು, ಸಂಬಳದ ಚೀಟಿ, ಮತದಾರರ ನೋಂದಣಿ, ಸರ್ಕಾರಿ ಇಲಾಖೆಯಿಂದ ಬಂದ ಪತ್ರ, ಪಾಲಕರೇ ಸಹಿ ಮಾಡಿದ ವಾಸದ ಘೋಷಣೆ ಎಲ್ಲ ಅದರಲ್ಲಿವೆ. ನ್ಯೂಜೆರ್ಸಿಯಲ್ಲಿ ಒಂದೇ ಕಾಗದಕ್ಕೆ ಪಟ್ಟು ಹಿಡಿಯುವಂತಿಲ್ಲ, ಕೊಟ್ಟದ್ದನ್ನೆಲ್ಲ ಒಟ್ಟಾಗಿ ತೂಗಬೇಕು. ಆದಾಯ ತೆರಿಗೆ ರಿಟರ್ನ್ಸ್, ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ, ವೀಸಾ ದಾಖಲೆ ಕೊಟ್ಟರೇ ಸೇರಿಸಿಕೊಳ್ಳುತ್ತೇವೆ ಎನ್ನುವಂತಿಲ್ಲ, ವೀಸಾ ದಾಖಲೆಯ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ಎಫ್ ವೀಸಾ ಮಾತ್ರ ಇದಕ್ಕೆ ಹೊರತು. ಮನೆಯಲ್ಲಿ ಇಷ್ಟು ಜನ ಇರುವುದು ಪುರಸಭೆಯ ವಸತಿ ನಿಯಮಕ್ಕೆ ಸರಿಯೋ ಅಲ್ಲವೋ ಎಂದು ಶಾಲೆ ಕೆದಕುವಂತಿಲ್ಲ. ಬೇರೆಯಾದ ಗಂಡ ಹೆಂಡತಿ ಮಗುವನ್ನು ಸಮನಾಗಿ ನೋಡಿಕೊಳ್ಳುತ್ತಿದ್ದು ಕೋರ್ಟಿನ ಆದೇಶ ಇಲ್ಲದಿದ್ದರೆ, ಅಕ್ಟೋಬರ್ 16ಕ್ಕೆ ಮುಂಚಿನ ಕೊನೆಯ ಶಾಲಾ ದಿನ ಮಗು ಯಾರ ಮನೆಯಲ್ಲಿತ್ತೋ ಅವರ ಊರೇ ಮಗುವಿನ ಊರು.

ಈಗ ಬಾಗಿಲುಗಳ ವಿಷಯಕ್ಕೆ ಬರೋಣ. ಮೊದಲನೆಯದು ಎಲ್ಲ ರಾಜ್ಯಗಳಿಗೂ ಅನ್ವಯಿಸುವ 1987ರ ಮೆಕಿನ್ನಿ-ವೆಂಟೊ ಕಾಯ್ದೆ. ಹೆಸರಿಗೆ ನೆಲೆಯಿಲ್ಲದ ಮಕ್ಕಳ ಕಾಯ್ದೆ. ರಸ್ತೆಬದಿಯಲ್ಲಿರುವವರಿಗೆ ಮಾತ್ರ ಎಂದುಕೊಂಡು ನಮ್ಮವರು ಅದನ್ನು ಓದುವುದೇ ಇಲ್ಲ. ಕೆಲಸ ಹೋಗಿ ಬಾಡಿಗೆ ಕಟ್ಟಲಾಗದೆ ಗೆಳೆಯರ ಮನೆಯಲ್ಲಿ ಸೇರಿಕೊಂಡ ಕುಟುಂಬದ ಮಗುವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದು ಕೆಲಸ ಕಳೆದುಕೊಂಡವರಿಗೆ ಬೇರೆ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು ಸಿಗುವ ಗರಿಷ್ಠ 60 ದಿನದ ಗಡುವಿನಲ್ಲಿ ಎಷ್ಟೋ ಮನೆಗಳು ಈ ಸ್ಥಿತಿಗೆ ಬರುತ್ತವೆ. ಅಂಥ ಮಗುವನ್ನು ಕಾಗದವಿಲ್ಲದಿದ್ದರೂ ಕೂಡಲೇ ಸೇರಿಸಿಕೊಳ್ಳಬೇಕು, ಅಥವಾ ಮಗುವಿನ ಹಿತಕ್ಕೆ ಅದೇ ಸರಿಯಾದರೆ ಹಿಂದಿನ ಶಾಲೆಯಲ್ಲೇ ಮುಂದುವರಿಸಿ ಓಡಾಟದ ವ್ಯವಸ್ಥೆಯನ್ನೂ ಮಾಡಬೇಕು. ನಡುವೆ ಸ್ವಂತ ನೆಲೆ ಸಿಕ್ಕರೂ ಆ ಶಾಲಾ ವರ್ಷ ಮುಗಿಯುವವರೆಗೆ ಅಲ್ಲೇ ಓದಬಹುದು. ಪ್ರತಿ ಡಿಸ್ಟ್ರಿಕ್ಟಿನಲ್ಲೂ ಇದಕ್ಕೊಬ್ಬ ಲಿಯೇಸನ್, ಅಂದರೆ ಇಂಥ ಮಕ್ಕಳ ವಿಷಯ ನೋಡಿಕೊಳ್ಳುವ ಅಧಿಕಾರಿ, ಇರಲೇಬೇಕು. ಕೌಂಟರಿನಲ್ಲಿ ವಾದ ಮಾಡಬೇಡಿ, ಲಿಯೇಸನ್ ಯಾರು ಎಂದು ಕೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಎರಡನೆಯದು, ಮಗುವನ್ನು ಇಟ್ಟುಕೊಂಡವರು ಬರೆದುಕೊಡುವ ಪ್ರಮಾಣಪತ್ರ, ಕ್ಯಾಲಿಫೋರ್ನಿಯಾದ ಕೇರ್‌ಗಿವರ್ ಅಫಿಡವಿಟ್. ಮಗು ನಿಜವಾಗಿಯೂ ಅತ್ತೆಯ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ ವಾಸವಿದ್ದರೆ ಆ ಮನೆಯವರು ಇದನ್ನು ತುಂಬಬಹುದು. ಕೋರ್ಟಿಗೆ ಹೋಗಬೇಕಿಲ್ಲ, ನೋಟರಿಯೂ ಬೇಡ. ಶಾಲೆಗೆ ಸೇರಿಸಲು ಮೊದಲ ನಾಲ್ಕು ಕಲಮು ತುಂಬಿ ಸಹಿ ಹಾಕಿದರೆ ಸಾಕು. ಮಗು ಅಲ್ಲಿ ವಾಸವಿಲ್ಲವೆಂದು ವಾಸ್ತವ ಸಂಗತಿಗಳಿಂದ ಕಂಡುಬಂದ ಹೊರತು ಡಿಸ್ಟ್ರಿಕ್ಟು ಅದನ್ನು ಒಪ್ಪಬೇಕು. ಸಹಿ ಹಾಕುವುದು, ಬರೆದದ್ದು ಸುಳ್ಳಾದರೆ ಶಿಕ್ಷೆಗೆ ಗುರಿ ಎಂಬ ಪ್ರಮಾಣದಡಿ, ಹಾಗಾಗಿ ಮಗು ಸಂಜೆ ಐದಕ್ಕೆ ತನ್ನ ಮನೆಗೆ ಹೋಗುವುದಾದರೆ ಈ ಕಾಗದ ಮುಟ್ಟಬೇಡಿ. ನ್ಯೂಜೆರ್ಸಿಯಲ್ಲಿ ಇದರ ಪ್ರತಿರೂಪ ಇನ್ನೂ ಬಿಗಿ. ಇಟ್ಟುಕೊಂಡವರು ತಮ್ಮ ಸ್ವಂತ ಮಗುವಿನಂತೆ ಪುಕ್ಕಟೆಯಾಗಿ ಸಾಕುತ್ತಿರಬೇಕು, ಹೆತ್ತವರಿಗೆ ಕೌಟುಂಬಿಕ ಅಥವಾ ಆರ್ಥಿಕ ಸಂಕಷ್ಟ ಇರಬೇಕು, ಬರೀ ಶಾಲೆಗಾಗಿ ಬಂದಿರಬಾರದು.

ಮೂರನೆಯದು ಕೆಲಸದ ಊರು. ಕ್ಯಾಲಿಫೋರ್ನಿಯಾದಲ್ಲಿ ತಂದೆ ತಾಯಿಯರಲ್ಲಿ ಒಬ್ಬರು ಡಿಸ್ಟ್ರಿಕ್ಟಿನ ಗಡಿಯೊಳಗೆ ಖುದ್ದಾಗಿ ಶಾಲಾ ವಾರದಲ್ಲಿ ಕನಿಷ್ಠ 10 ಗಂಟೆ ಕೆಲಸ ಮಾಡುತ್ತಿದ್ದರೆ ಮಗುವನ್ನು ನಿವಾಸಿ ಎಂದು ಪರಿಗಣಿಸಲು ಡಿಸ್ಟ್ರಿಕ್ಟಿಗೆ ಅಧಿಕಾರವಿದೆ. ಅಧಿಕಾರ ಅಷ್ಟೇ, ಕಡ್ಡಾಯವಿಲ್ಲ. ಮನೆಯಿಂದ ಕೆಲಸ ಮಾಡುವವರ ಕಂಪನಿ ವಿಳಾಸ ಇದಕ್ಕೆ ನಡೆಯುವುದಿಲ್ಲ.

ನಾಲ್ಕನೆಯದು ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ ವರ್ಗಾವಣೆಯ ಪರ್ಮಿಟ್. ಮೊದಲು ನಿಮ್ಮ ಡಿಸ್ಟ್ರಿಕ್ಟು ಬಿಡಬೇಕು, ಆಮೇಲೆ ಆಚೆಯವರು ಒಪ್ಪಬೇಕು. ಮಗುವಿಗೆ ಕಿರುಕುಳವಾಗಿದ್ದರೆ ಆದ್ಯತೆ ಇದೆ, ಅದರ ಲಿಖಿತ ದಾಖಲೆ ಇಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ನಿರಾಕರಿಸಿದರೆ 30 ದಿನದೊಳಗೆ ಕೌಂಟಿಯ ಶಿಕ್ಷಣ ಮಂಡಳಿಗೆ ಅಪೀಲು ಹೋಗಬಹುದು. ಒಹಾಯೊದಂಥ ರಾಜ್ಯಗಳಲ್ಲಿ ಗಡಿಯಾಚೆಯ ಮಕ್ಕಳನ್ನೂ ಸೇರಿಸಿಕೊಳ್ಳುವ ತೆರೆದ ಪ್ರವೇಶ ಎಂಬ ಪದ್ಧತಿ ಇದೆ, ಆದರೆ ಸೇರುವುದು ಬಿಡುವುದು ಡಿಸ್ಟ್ರಿಕ್ಟಿನ ಇಷ್ಟ. ದೊಡ್ಡ ನಗರಗಳನ್ನು ಸುತ್ತುವರಿದ ಉಪನಗರಗಳೇ ಹೆಚ್ಚಾಗಿ ಹೊರಗುಳಿದಿವೆ, ಎಲ್ಲಿ ಬೇಕೋ ಅಲ್ಲೇ ಆ ಬಾಗಿಲಿಲ್ಲ.

ವೀಸಾದ ಮೇಲಿರುವವರಿಗೆ ಎರಡು ಮಾತು. ಕೆಲಸದ ವೀಸಾದವರ ಜೊತೆ ಎಚ್-4, ಎಲ್-2 ವೀಸಾದಲ್ಲಿ ಬಂದ ಮಕ್ಕಳು ವಾಸದ ಊರಿನ ಶಾಲೆಗೆ ಉಚಿತವಾಗಿ ಹೋಗಬಹುದು. ಊರಿಂದ ಅಣ್ಣನ ಮಗನನ್ನು ಪ್ರವಾಸಿ ವೀಸಾದಲ್ಲಿ ಕರೆಸಿ ಶಾಲೆಗೆ ಸೇರಿಸುವುದು ಆ ವೀಸಾದ ಷರತ್ತಿಗೆ ವಿರುದ್ಧ. ಎಫ್-1 ವೀಸಾದಲ್ಲಿ ಎಂಟನೇ ತರಗತಿವರೆಗಿನ ಸರ್ಕಾರಿ ಶಾಲೆಗೆ ಬರುವಂತೆಯೇ ಇಲ್ಲ. ಹೈಸ್ಕೂಲಾದರೆ ಗರಿಷ್ಠ 12 ತಿಂಗಳು, ಅದೂ ಪೂರ್ತಿ ಖರ್ಚು ಕಟ್ಟಿ. 1996ರ ವಲಸೆ ಕಾನೂನಿನಿಂದ ಬಂದ ನಿಯಮ ಇದು. ಇನ್ನೊಂದು, ನೀವು ಮನೆ ಬದಲಿಸಿದ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ಎಂಬ ಫಾರಂ ಮೂಲಕ ತಿಳಿಸಬೇಕು. ಪೌರತ್ವದ ಅರ್ಜಿಯಲ್ಲಿ ಹಿಂದಿನ ಐದು ವರ್ಷದ ವಿಳಾಸ ಬರೆಯಬೇಕು. ಅಲ್ಲಿ ಒಂದು ಮನೆ, ಶಾಲೆಯಲ್ಲಿ ಇನ್ನೊಂದು ಮನೆ ಇದ್ದರೆ ನಿಮ್ಮ ಕೈಬರಹವೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಮೋಸದ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡಿನ ಅರ್ಜಿಯೇ ಅಪಾಯಕ್ಕೆ ಬೀಳಬಹುದು, ಬಂಧನವಾಗಿ ಕೇಸು ಬಿದ್ದುಹೋಗಿದ್ದರೂ ಫಾರಮ್ಮಿನಲ್ಲಿ ಹೇಳಬೇಕು. ಹಾಗಾಗಿ ಆರೋಪ ಬಂದವರು ಶಾಲೆಯ ಜೊತೆ ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲು ವಲಸೆ ವಕೀಲರಿಗೆ ತೋರಿಸಬೇಕು.

ಕೊನೆಗೆ ನೋಟಿಸು. ಅದು ಬಂದ ದಿನ ಲಕೋಟೆಯನ್ನೂ ಎತ್ತಿಡಿ, ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ. ಎಷ್ಟು ದಿನದೊಳಗೆ ಉತ್ತರಿಸಬೇಕು ಎಂಬ ಸಾಲನ್ನು ಮೊದಲು ಹುಡುಕಿ. ಇಲಿನಾಯ್ಸ್‌ನಲ್ಲಿ ವಿಚಾರಣೆ ಕೇಳಲು 10 ದಿನ. ನ್ಯೂಜೆರ್ಸಿಯಲ್ಲಿ ಬೋರ್ಡಿನ ಮುಂದೆ ವಿಚಾರಣೆಯಾಗಿ ಅಂತಿಮ ನೋಟಿಸು ಬಂದ ಮೇಲೆ ರಾಜ್ಯದ ಶಿಕ್ಷಣ ಕಮಿಷನರಿಗೆ ಅಪೀಲು ಹಾಕಲು 21 ದಿನ, ಅಷ್ಟರೊಳಗೆ ಹಾಕಿದರೆ ತೀರ್ಮಾನದವರೆಗೆ ಮಗು ಅದೇ ಶಾಲೆಯಲ್ಲಿ ಇರಬಹುದು. ಸೋತರೆ ಆ ದಿನಗಳ ಶುಲ್ಕವೂ ಸೇರುತ್ತದೆ, ಗೆಲ್ಲುವ ಪುರಾವೆ ಇಲ್ಲದಿದ್ದರೆ ಎಳೆಯಬೇಡಿ. ಮೆಕಿನ್ನಿ-ವೆಂಟೊ ವಿವಾದವಾದರೆ ಅಪೀಲುಗಳೆಲ್ಲ ಮುಗಿಯುವವರೆಗೆ ಮಗು ಶಾಲೆಯಲ್ಲೇ ಇರಬೇಕು. ಸಾಬೀತು ಮಾಡುವ ಹೊಣೆ ಸಾಮಾನ್ಯವಾಗಿ ಪಾಲಕರದ್ದೇ. ವಿಚಾರಣೆಗೆ ಹೋಗುವಾಗ ಆರು ತಿಂಗಳ ಬಿಲ್ಲು, ಬ್ಯಾಂಕಿನಿಂದ ಬಾಡಿಗೆ ಹೋದ ದಾಖಲೆ, ಮಗುವಿನ ಡಾಕ್ಟರ್ ಕಾಗದ, ಗ್ರಂಥಾಲಯದ ಕಾರ್ಡು, ಮನೆ ಮಾಲೀಕರ ಪತ್ರ, ಪಕ್ಕದ ಮನೆಯವರ ಸಹಿ ಮಾಡಿದ ಹೇಳಿಕೆ, ಇವನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಮೂರು ಪ್ರತಿ ಮಾಡಿಕೊಂಡು ಹೋಗಿ. ಒಂದು ಬೋರ್ಡಿಗೆ, ಒಂದು ಅವರ ವಕೀಲರಿಗೆ, ಒಂದು ನಿಮ್ಮ ಕೈಯಲ್ಲಿ. ಇಂಗ್ಲಿಷಿನಲ್ಲಿ ಮಾತಾಡಲು ಕಷ್ಟವಾದರೆ ದುಭಾಷಿ ಬೇಕೆಂದು ಮುಂಚೆಯೇ ಬರೆದು ಕೇಳಿ. ಮಗುವನ್ನು ಮಾತ್ರ ಆ ಕೋಣೆಗೆ ಕರೆದುಕೊಂಡು ಹೋಗಬೇಡಿ.